ಹೆಗಲಿಗೆ ತಕ್ಕ ಹೊರೆ

ಎಳೆಯರ ಮನಸ್ಸು ನೋಯಬಾರದೆಂದು ಅವರ ದಾರಿಯ ಕಷ್ಟಗಳನ್ನೆಲ್ಲ ಎತ್ತಿ ಪಕ್ಕಕ್ಕಿಡುತ್ತಿದ್ದೇವೆ. ಮಂಗನ ಕಾಯಿಲೆಯ ಕಾಡಿನೊಂದಿಗೆ ಏಳು ದಶಕ ಬದುಕಿದ ಕ್ಯಾಸನೂರಿನ ಸೀಮೆ ಬೇರೊಂದು ಪಾಠ ಹೇಳುತ್ತದೆ.

ಸೊರಬ–ಶಿಕಾರಿಪುರ ಸೀಮೆಯ ಕ್ಯಾಸನೂರಿನ ಹೆಸರು ಜಗತ್ತಿನ ವೈದ್ಯಕೀಯ ಪುಸ್ತಕಗಳಿಗೆ ಸೇರಿದ್ದು 1957ರಲ್ಲಿ. ಆ ವರ್ಷ ಇಲ್ಲಿನ ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತು ಬಿದ್ದವು. ಕಾಡಂಚಿನ ಜನ ಜ್ವರ ಹಿಡಿದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸ ವೈರಸ್ ಒಂದನ್ನು ಗುರುತಿಸಿದರು. ಉಣುಗು ಕಚ್ಚಿ ಹರಡುವ ಆ ರೋಗಕ್ಕೆ ಊರಿನ ಹೆಸರೇ ಬಿತ್ತು. ನಮ್ಮ ಬಾಯಲ್ಲಿ ಅದು ಮಂಗನ ಕಾಯಿಲೆ.

ಅಷ್ಟಾದರೂ ಜನ ಕಾಡಿನ ಸಂಗ ಬಿಡಲಿಲ್ಲ. ದರಗು ಬೇಕು, ಸೌದೆ ಬೇಕು, ಕೊಟ್ಟಿಗೆಗೆ ಸೊಪ್ಪು ಬೇಕು, ದನ ಮೇಯಬೇಕು. ಬಿಡಲಾಗದ ಕಾಡಿಗೆ ಹೋಗುವ ಕ್ರಮವನ್ನು ಕಲಿತರು. ಹೋಗುವ ಮುಂಚೆ ಆರೋಗ್ಯ ಇಲಾಖೆ ಕೊಟ್ಟ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳುವುದು, ಮೈತುಂಬ ಬಟ್ಟೆ ತೊಡುವುದು, ಮಂಗ ಸತ್ತ ಜಾಗದತ್ತ ಸುಳಿಯದೆ ಆರೋಗ್ಯ ಕೇಂದ್ರಕ್ಕೆ ಸುದ್ದಿ ಮುಟ್ಟಿಸುವುದು, ಮನೆಗೆ ಬಂದ ಮೇಲೆ ಬಿಸಿನೀರು–ಸೋಪಿನಲ್ಲಿ ಮಿಂದು ಮೈಮೇಲೆ ಉಣುಗು ಕೂತಿದೆಯೇ ಎಂದು ನೋಡಿಕೊಳ್ಳುವುದು. ಜ್ವರ ಬಂದರೆ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ನಡೆಯುವುದು.

ಹದಿಹರೆಯದವರ ಮನಸ್ಸಿನ ವಿಚಾರದಲ್ಲಿ ನಮಗೆ ಬೇಕಾದ ತಿಳಿವಳಿಕೆಯೂ ಇಷ್ಟೇ ಸರಳ. ಅವರನ್ನು ನಿಜವಾದ ಕಷ್ಟದ ಕೆಲಸಗಳಿಗೆ ಕಳಿಸಬೇಕು. ತಯಾರು ಮಾಡಿ ಕಳಿಸಬೇಕು. ಮರಳಿ ಬಂದ ಮೇಲೆ ಹೇಗಿದ್ದಾರೆಂದು ನೋಡಬೇಕು. ಈ ಮೂರರಲ್ಲಿ ಒಂದನ್ನು ಬಿಟ್ಟರೂ ಕೆಡುಕಾಗುತ್ತದೆ.

‘ನೀ ಓದ್ಕೋ ಸಾಕು’

‘ತಮ್ಮಾ, ನೀ ಓದ್ಕೋ ಸಾಕು. ಗದ್ದೆ ಕಡೆ ಬರೋದು ಬ್ಯಾಡ.’ ಸೊರಬ, ಆನವಟ್ಟಿ, ಶಿರಾಳಕೊಪ್ಪದ ಸುತ್ತಿನ ಮನೆಗಳಲ್ಲಿ ಈ ಮಾತು ಪ್ರೀತಿಯಿಂದಲೇ ಹುಟ್ಟುತ್ತದೆ. ಶುಂಠಿಯ ದರ ಬಿದ್ದ ವರ್ಷ ಸಾಲಕ್ಕೆ ಸಿಕ್ಕಿಕೊಂಡ ಅಪ್ಪ, ನಟ್ಟಿಯ ಕೆಸರಲ್ಲಿ ಸೊಂಟ ಸವೆಸಿದ ಅಮ್ಮ ತಮ್ಮ ಮಕ್ಕಳಿಗೆ ಈ ಪಾಡು ಬೇಡವೆಂದು ಬಯಸಿದರೆ ಅದರಲ್ಲಿ ತಪ್ಪೇನಿದೆ? ಆದರೆ ಹಾಗೆ ಬೆಳೆದ ಹುಡುಗನಿಗೆ ಹದಿನಾರು ತುಂಬುವವರೆಗೆ ಸಿಗುವ ಸವಾಲು ಒಂದೇ. ಅದು ಪರೀಕ್ಷೆ. ಅವನು ಗೆದ್ದನೋ ಸೋತನೋ ಎಂದು ಹೇಳುವುದಕ್ಕೆ ಅಂಕಪಟ್ಟಿಯ ಹೊರತು ಬೇರೆ ಸಾಕ್ಷಿಯಿಲ್ಲ. ಕೆಟ್ಟ ಪಂಪ್‌ಸೆಟ್ ಸರಿಮಾಡಿದ್ದು, ರಾತ್ರಿಯಿಡೀ ಎಚ್ಚರವಿದ್ದು ಹಸುವಿನ ಹೆರಿಗೆ ನೋಡಿಕೊಂಡದ್ದು, ಮದುವೆ ಮನೆಯಲ್ಲಿ ಪಂಕ್ತಿಗೆ ಪಂಕ್ತಿ ಬಡಿಸಿ ಸೈ ಅನ್ನಿಸಿಕೊಂಡದ್ದು, ಇಂಥ ಯಾವ ಗೆಲುವೂ ಅವನ ಖಾತೆಯಲ್ಲಿಲ್ಲ. ಹಾಗಾಗಿ ಗಣಿತದಲ್ಲಿ ನಪಾಸಾದ ದಿನ ಇಡೀ ಬದುಕೇ ನಪಾಸಾಯಿತೆಂದು ಅವನಿಗೆ ಅನ್ನಿಸಿಬಿಡುತ್ತದೆ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡವರು 1,70,924 ಮಂದಿ. ಅವರಲ್ಲಿ 13,044 ಮಂದಿ ವಿದ್ಯಾರ್ಥಿಗಳು. ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ, 13ರಿಂದ 17 ವರ್ಷದವರಲ್ಲಿ ಶೇ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆಯೆಂದು ಕಂಡಿತು. ಈ ನೋವಿಗೆ ಕಾರಣ ಒಂದೇ ಇರುವುದಿಲ್ಲ. ಕಾಯಿಲೆ, ಬಡತನ, ಮನೆಯೊಳಗಿನ ಹೊಡೆತ–ಬಡಿತ, ಜಾತಿಯ ಅವಮಾನ, ಒಂಟಿತನ ಒಂದರ ಮೇಲೊಂದು ಬಂದು ಕೂರುತ್ತವೆ. ಅದರ ಮೇಲೆ ಪರೀಕ್ಷೆ. 2024ರಿಂದ ನಮ್ಮ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷೆ ಬರೆಯುವ ಅವಕಾಶ ಬಂದಿದೆ. ‘ಇದೊಂದೇ ಬಾಗಿಲು’ ಎಂಬ ಭಯವನ್ನು ಅದು ಸ್ವಲ್ಪವಾದರೂ ತಗ್ಗಿಸಿದೆ. ಪರೀಕ್ಷೆಯ ಆಚೆಗೂ ಗೆಲ್ಲುವ, ಸೋಲುವ, ಸೋತು ಏಳುವ ಜಾಗಗಳನ್ನು ತೆರೆಯುವುದು ಮಾತ್ರ ಇಲಾಖೆಯಿಂದಾಗುವ ಕೆಲಸವಲ್ಲ. ಅದನ್ನು ಊರು ಮಾಡಬೇಕು.

ಆರದಂತೆ ಕಾಯ್ದ ದೀಪ

ಊರು ಹಿಂದೆ ಅದನ್ನು ಮಾಡುತ್ತಿತ್ತು. ದೀಪಾವಳಿಯ ಬಲಿಪಾಡ್ಯಮಿ ರಾತ್ರಿ ಮಲೆನಾಡಿನಲ್ಲಿ ಅಂಟಿಗೆ–ಪಂಟಿಗೆಯವರು ಹೊರಡುತ್ತಾರೆ. ಊರ ದೇವರ ಮುಂದೆ ಹಚ್ಚಿದ ದೀಪವನ್ನು ಹಿಡಿದು, ಹಾಡು ಹೇಳುತ್ತ ಮನೆಯಿಂದ ಮನೆಗೆ, ಊರಿಂದ ಊರಿಗೆ ನಡೆಯುವುದು ರೂಢಿ. ಮನೆಯವರು ಬಾಗಿಲು ತೆರೆದು ದೀಪಕ್ಕೆ ಎಣ್ಣೆ ಎರೆಯುತ್ತಾರೆ, ಅಕ್ಕಿ–ಕಾಯಿ–ಕಾಸು ಕೊಡುತ್ತಾರೆ. ಗಾಳಿಯಿರಲಿ, ತುಂತುರಿರಲಿ, ದೀಪ ಆರಬಾರದು. ಮೇಳಕ್ಕೆ ಹೊಸದಾಗಿ ಸೇರಿದ ಹುಡುಗ ಮೊದಲು ಹಿಂದೆ ನಡೆಯುತ್ತಾನೆ, ಸೊಲ್ಲಿಗೆ ದನಿ ಕೂಡಿಸುತ್ತಾನೆ, ದಾರಿ ಕಲಿಯುತ್ತಾನೆ. ಪದಗಳು ಬಾಯಿಗೆ ಬಂದ ಮೇಲೆ ಮುಂದಾಳಾಗುತ್ತಾನೆ. ಕತ್ತಲ ಭಯ, ನಿದ್ದೆಯ ಸೆಳೆತ, ಅಪರಿಚಿತರ ಅಂಗಳದಲ್ಲಿ ನಿಂತು ಹಾಡುವ ನಾಚಿಕೆ ಎಲ್ಲವನ್ನೂ ಅವನು ಆ ರಾತ್ರಿಗಳಲ್ಲಿ ದಾಟಬೇಕು. ದಾಟುವಾಗ ಅವನ ಜೊತೆ ಹತ್ತು ಜನ ಇರುತ್ತಾರೆ.

ಬೇಸಿಗೆಯಲ್ಲಿ ಕೆರೆಯ ನೀರು ಇಳಿದಾಗ ಸೊರಬ, ಸಾಗರ, ಶಿಕಾರಿಪುರದ ಹಳ್ಳಿಗಳಲ್ಲಿ ಕೆರೆಬೇಟೆ ನಡೆಯುತ್ತದೆ. ಊರವರು ದಿನ ಗೊತ್ತುಮಾಡುತ್ತಾರೆ. ಸೂಚನೆ ಸಿಕ್ಕ ಕೂಡಲೇ ಬುಟ್ಟಿಯಂಥ ಕೂಣಿ ಹಿಡಿದ ನೂರಾರು ಜನ ಒಟ್ಟಿಗೇ ಕೆಸರಿಗೆ ಇಳಿಯುತ್ತಾರೆ. ಕೂಣಿಯನ್ನು ಕೆಸರಿಗೆ ಊರಿ, ಮೇಲಿನ ಬಾಯಿಂದ ಕೈ ಹಾಕಿ, ಒಳಗೆ ಸಿಕ್ಕ ಮೀನನ್ನು ಬರಿಗೈಯಲ್ಲಿ ಹಿಡಿಯಬೇಕು. ಮೀನು ಸಿಗಬಹುದು, ಸಿಗದೆಯೂ ಇರಬಹುದು. ಬರಿಗೈಲಿ ಮೇಲೆ ಬಂದವನನ್ನು ಯಾರೂ ಕೈಲಾಗದವನೆಂದು ಕರೆಯುವುದಿಲ್ಲ. ಮುಂದಿನ ಬೇಟೆಗೆ ಅವನೂ ಕೂಣಿ ಹೊತ್ತು ಬರುತ್ತಾನೆ. ಸೋಲನ್ನು ಸಲೀಸಾಗಿ ನುಂಗಿಕೊಳ್ಳುವುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ತರಗತಿ ಬೇಕೆ?

ನಟ್ಟಿಗೆ, ಕೊಯ್ಲಿಗೆ, ಅಡಿಕೆ ಸುಲಿಯುವುದಕ್ಕೆ ಮುಯ್ಯಾಳಾಗಿ ಹೋಗುತ್ತಿದ್ದ ಹುಡುಗ–ಹುಡುಗಿಯರಿಗೂ ಇಂಥದೇ ಕಲಿಕೆ ಸಿಗುತ್ತಿತ್ತು. ನಾನು ಹೋಗದಿದ್ದರೆ ಅವರ ಕೆಲಸ ನಿಲ್ಲುತ್ತದೆ, ನಾಳೆ ಅವರು ನಮ್ಮ ಗದ್ದೆಗೆ ಬರುವುದಿಲ್ಲ ಎಂಬ ಅರಿವು ಅದರಲ್ಲಿತ್ತು. ತನ್ನ ಅಗತ್ಯ ಇನ್ನೊಬ್ಬರಿಗಿದೆ ಎಂಬುದು ಎಳೆಯ ಮನಸ್ಸಿಗೆ ಸಿಗುವ ದೊಡ್ಡ ಆಸರೆ.

ಹಳೆಯದನ್ನೆಲ್ಲ ಹೊಗಳುವುದು ನನ್ನ ಉದ್ದೇಶವಲ್ಲ. ಮುಯ್ಯಾಳಿನ ಅದೇ ಗದ್ದೆಗಳಲ್ಲಿ ಜೀತವೂ ಇತ್ತು. ಶಾಲೆ ಬಿಡಿಸಿ ದನ ಕಾಯಲು ಹಚ್ಚಿದ ಮಕ್ಕಳೂ ಇದ್ದರು. ಬಾಲ್ಯವನ್ನೇ ಕಿತ್ತುಕೊಳ್ಳುವ ದುಡಿಮೆ ಮನಸ್ಸನ್ನು ಬಲಪಡಿಸುವುದಿಲ್ಲ, ಮುರಿಯುತ್ತದೆ. ನಾವು ಉಳಿಸಿಕೊಳ್ಳಬೇಕಾದ್ದು ಆ ಸಂದರ್ಭಗಳ ಒಳಗಿದ್ದ ನಾಲ್ಕು ಗುಣಗಳನ್ನು: ಕೆಲಸ ನಿಜವಾದದ್ದು, ಅದರ ಭಾರ ವಯಸ್ಸಿಗೆ ತಕ್ಕದ್ದು, ಜೊತೆಗೆ ಜನರಿದ್ದಾರೆ, ಸೋತರೆ ಮತ್ತೆ ಅವಕಾಶವಿದೆ.

ಧೈರ್ಯ ಹುಟ್ಟುವ ಕ್ರಮ

ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ಒಂದು ಮುಖ್ಯ ವಿಚಾರ ಮುಂದಿಟ್ಟರು. ‘ಇದು ನನ್ನಿಂದ ಆಗುತ್ತದೆ’ ಎಂಬ ನಂಬಿಕೆ ಮನುಷ್ಯನಿಗೆ ಎಲ್ಲಿಂದ ಬರುತ್ತದೆಂದು ಅವರು ಹುಡುಕಿದರು. ಬೇರೆಯವರು ಹುರಿದುಂಬಿಸುವುದರಿಂದ ಒಂದಿಷ್ಟು ಬರುತ್ತದೆ. ತನ್ನಂಥವರೇ ಮಾಡಿದ್ದನ್ನು ಕಂಡಾಗ ಇನ್ನಷ್ಟು ಬರುತ್ತದೆ. ಎಲ್ಲಕ್ಕಿಂತ ಗಟ್ಟಿಯಾದ ಮೂಲ ಮಾತ್ರ ಸ್ವತಃ ಮಾಡಿ ದಾಟಿದ ಅನುಭವ. ‘ನೀನು ಜಾಣ, ನಿನ್ನಿಂದಾಗುತ್ತದೆ’ ಎಂದು ನೂರು ಸಲ ಹೇಳಿದರೂ ಆಗದ ಕೆಲಸವನ್ನು, ಹುಡುಗಿಯೊಬ್ಬಳು ಒಬ್ಬಳೇ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋಗಿ ಕಚೇರಿಯ ಕೆಲಸ ಮುಗಿಸಿಕೊಂಡು ಬಂದ ಒಂದು ದಿನ ಮಾಡುತ್ತದೆ.

ಆತಂಕವನ್ನು ಬೆಳೆಸುವ ಮುಖ್ಯ ಗೊಬ್ಬರ ತಪ್ಪಿಸಿಕೊಳ್ಳುವಿಕೆ. ತರಗತಿಯಲ್ಲಿ ಎದ್ದು ಮಾತಾಡಲು ಹೆದರುವ ಹುಡುಗಿ ಇವತ್ತು ಹೊಟ್ಟೆನೋವೆಂದು ಮನೆಯಲ್ಲಿ ಉಳಿದರೆ ಆ ಗಳಿಗೆಗೆ ಹಾಯೆನಿಸುತ್ತದೆ. ನಾಳೆಗೆ ಭಯ ಇನ್ನೂ ಬಲಿಯುತ್ತದೆ. ಮನೋವೈದ್ಯರು, ಆಪ್ತಸಮಾಲೋಚಕರು ಇಂಥ ಭಯವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಾರೆ. ಮೊದಲು ಗೆಳತಿಯೊಬ್ಬಳ ಮುಂದೆ ಓದುವುದು, ಆಮೇಲೆ ನಾಲ್ವರ ಮುಂದೆ, ಆಮೇಲೆ ತರಗತಿಯ ಮುಂದೆ. ಮಂಕು ಕವಿದ ಮನಸ್ಸಿಗೂ ಹೀಗೆಯೇ. ಉತ್ಸಾಹ ಬಂದ ಮೇಲೆ ಕೆಲಸ ಮಾಡುತ್ತೇನೆಂದು ಕಾದರೆ ಅದು ಬರುವುದೇ ಇಲ್ಲ. ಸಣ್ಣ ಕೆಲಸವೊಂದಕ್ಕೆ ಕೈಹಚ್ಚಿದರೆ ಉತ್ಸಾಹ ನಿಧಾನವಾಗಿ ಹಿಂದೆ ಬರುತ್ತದೆ. ಚಿಕಿತ್ಸೆಯಲ್ಲಿ ಇದನ್ನು ದಶಕಗಳಿಂದ ಬಳಸುತ್ತಿದ್ದಾರೆ.

ಹಿಟ್ಲರನನ್ನು ವಿರೋಧಿಸಿ ಜರ್ಮನಿ ಬಿಟ್ಟ ಶಿಕ್ಷಕ ಕುರ್ಟ್ ಹಾನ್, ಹಡಗು ಕಂಪನಿಯ ಲಾರೆನ್ಸ್ ಹೋಲ್ಟ್ ಜೊತೆ ಸೇರಿ 1941ರಲ್ಲಿ ವೇಲ್ಸ್‌ನ ಅಬರ್‌ಡವಿಯಲ್ಲಿ ‘ಔಟ್‌ವರ್ಡ್ ಬೌಂಡ್’ ಎಂಬ ಶಾಲೆ ಕಟ್ಟಿದರು. ಯುದ್ಧದ ಕಾಲದಲ್ಲಿ ಮುಳುಗಿದ ಹಡಗುಗಳಿಂದ ತಪ್ಪಿಸಿಕೊಂಡು ದೋಣಿ ಹತ್ತಿದವರಲ್ಲಿ, ಕಸುವುಳ್ಳ ಎಳೆಯ ನಾವಿಕರಿಗಿಂತ ಸಮುದ್ರದ ಕಷ್ಟ ಕಂಡುಂಡ ಹಿರಿಯ ನಾವಿಕರೇ ಹೆಚ್ಚು ಬದುಕುತ್ತಾರೆಂಬುದು ಹೋಲ್ಟ್ ಅವರ ನಂಬಿಕೆಯಾಗಿತ್ತು. ಎಳೆಯರಿಗೆ ಬೆಟ್ಟ, ಕಡಲು, ಪಾರುಗಾಣಿಕೆಯ ಕೆಲಸಗಳ ಮೂಲಕ ಆ ಗಟ್ಟಿತನ ಕೊಡಲು ಅವರು ಹೊರಟರು. ಇಂಥ ಸಾಹಸ ಶಿಬಿರಗಳ ಕುರಿತ 96 ಅಧ್ಯಯನಗಳನ್ನು ಜಾನ್ ಹ್ಯಾಟಿ ಮತ್ತು ಸಂಗಡಿಗರು 1997ರಲ್ಲಿ ಒಟ್ಟುಹಾಕಿ ನೋಡಿದರು. ಶಿಬಿರದಲ್ಲಿ ಪಡೆದ ಆತ್ಮವಿಶ್ವಾಸ ಶಿಬಿರ ಮುಗಿದ ಮೇಲೂ ಬೆಳೆಯುತ್ತ ಹೋದದ್ದು ಅವರಿಗೆ ಕಂಡಿತು. ಒಂದು ಶಿಬಿರಕ್ಕೂ ಇನ್ನೊಂದಕ್ಕೂ ಭಾರೀ ವ್ಯತ್ಯಾಸವಿದ್ದದ್ದೂ ಕಂಡಿತು. ಬೆಟ್ಟ ಹತ್ತಿಸಿದ ಮಾತ್ರಕ್ಕೆ ಮನಸ್ಸು ಬೆಳೆಯುವುದಿಲ್ಲ. ಯಾರು ಹತ್ತಿಸುತ್ತಾರೆ, ಹೇಗೆ ಹತ್ತಿಸುತ್ತಾರೆ ಎಂಬುದೇ ಮುಖ್ಯ.

ಕಾವಲಿಲ್ಲದ ಸಾಹಸ

ಕ್ಯಾಸನೂರಿನ ಸೀಮೆಯಲ್ಲಿ ಇವತ್ತು ಹುಡುಗರನ್ನು ಹೆಚ್ಚು ಸೆಳೆಯುವ ಸಾಹಸ ಹೋರಿ ಬೆದರಿಸುವ ಹಬ್ಬ. ದೀಪಾವಳಿ ಕಳೆದ ಮೇಲೆ ಊರೂರಿನ ಅಖಾಡಗಳಲ್ಲಿ ಕೊಬ್ಬರಿ ಕಟ್ಟಿದ ಹೋರಿಗಳು ಓಡುತ್ತವೆ. ಕೊಬ್ಬರಿ ಹರಿಯಲು ಹುಡುಗರು ಮೈಮೇಲೆ ಬೀಳುತ್ತಾರೆ. ಹೋರಿಯನ್ನು ಮನೆಮಗನಂತೆ ಸಾಕುವ ಪ್ರೀತಿ, ಊರಿನ ಹೆಮ್ಮೆ, ಗೆದ್ದವನಿಗೆ ಸಿಗುವ ಮರ್ಯಾದೆ ಎಲ್ಲವೂ ಅಲ್ಲಿವೆ. ಸಾವು–ನೋವುಗಳೂ ಅಲ್ಲಿವೆ. ಬೇಲಿ ಸರಿಯಿಲ್ಲದ ಕಡೆ, ಆಂಬುಲೆನ್ಸ್ ನಿಲ್ಲಿಸದ ಕಡೆ, ಕುಡಿದವನನ್ನು ಹೊರಗೆ ಕಳಿಸದ ಕಡೆ ಅದು ಎಳೆಯ ಪ್ರಾಣಗಳನ್ನು ಪಣಕ್ಕಿಡುವ ಆಟ. ಹುಡುಗರು ಅಲ್ಲಿಗೆ ನುಗ್ಗುವುದನ್ನು ಬರೀ ಪುಂಡಾಟವೆಂದು ಬೈದರೆ ಏನೂ ಬದಲಾಗದು. ತಮ್ಮ ಕಸುವನ್ನು ತೋರಿಸಿ ಊರಿನಿಂದ ಸೈ ಅನ್ನಿಸಿಕೊಳ್ಳಲು ಅವರಿಗೆ ಬೇರೆ ಎಷ್ಟು ಜಾಗಗಳನ್ನು ಉಳಿಸಿದ್ದೇವೆ ಎಂದು ಹಿರಿಯರು ಕೇಳಿಕೊಳ್ಳಬೇಕು.

ಇನ್ನೊಂದು ತುದಿಯಲ್ಲಿ ‘ಶಿಸ್ತು ಕಲಿಸುತ್ತೇವೆ’ ಎನ್ನುವ ಕ್ರೌರ್ಯವಿದೆ. 2009ರಲ್ಲಿ ಚೀನಾದ ಗುವಾಂಗ್ಶಿಯಲ್ಲಿ ಇಂಟರ್ನೆಟ್ ಚಟ ಬಿಡಿಸುವ ಶಿಬಿರಕ್ಕೆ ಸೇರಿಸಿದ ಹುಡುಗನೊಬ್ಬ ಅಲ್ಲಿನ ಹೊಡೆತಕ್ಕೆ ಸತ್ತುಹೋದ. ಅವಮಾನಿಸಿ, ಬಡಿದು, ಹಸಿವಿನಲ್ಲಿಟ್ಟು ಮನಸ್ಸನ್ನು ಗಟ್ಟಿಮಾಡಲು ಹೊರಟವರು ಎಲ್ಲ ದೇಶಗಳಲ್ಲೂ ಇದ್ದಾರೆ. ಹುಡುಗ ಒಪ್ಪಿ ಇಳಿದದ್ದು, ಬೇಡವೆನಿಸಿದಾಗ ನಿಲ್ಲಿಸಬಹುದಾದದ್ದು ಮಾತ್ರ ಸವಾಲು. ಉಳಿದದ್ದು ಹಿಂಸೆ.

ಹೆಣ್ಣುಮಕ್ಕಳ ಪಾಲೆಲ್ಲಿ?

ಅಂಟಿಗೆ–ಪಂಟಿಗೆಗೆ ಹೊರಡುವವರು ಗಂಡಸರು. ಕೂಣಿ ಹಿಡಿಯುವವರಲ್ಲಿ ಹೆಚ್ಚಿನವರು ಗಂಡಸರು. ಹೋರಿಯ ಅಖಾಡವಂತೂ ಪೂರ್ತಿ ಅವರದೇ. ಹೆಣ್ಣುಮಕ್ಕಳಿಗೆ ಊರು ಕೊಟ್ಟದ್ದು ಸವಾಲಿಲ್ಲದ ದುಡಿಮೆ, ಮೆಚ್ಚುಗೆಯಿಲ್ಲದ ಹೊರೆ. ಶಿಕಾರಿಪುರ ತಾಲ್ಲೂಕಿನ ಉಡುತಡಿಯಿಂದ ಹನ್ನೆರಡನೇ ಶತಮಾನದಲ್ಲಿ ಹೊರಟು ಕಲ್ಯಾಣಕ್ಕೂ ಅಲ್ಲಿಂದ ಶ್ರೀಶೈಲಕ್ಕೂ ನಡೆದ ಅಕ್ಕಮಹಾದೇವಿಯನ್ನು ನಾವು ಪೂಜಿಸುತ್ತೇವೆ. ಸಂಜೆ ಆರರ ಬಸ್ಸಿಗೆ ಕಾಲೇಜಿನಿಂದ ಬರುವ ಮಗಳ ಬಗ್ಗೆ ಮಾತ್ರ ಊರೆಲ್ಲ ಮಾತಾಡುತ್ತದೆ.

ಬದಲಾವಣೆಯ ದಾರಿಗಳು ಕಾಣುತ್ತಿವೆ. ಗಂಡಸರದ್ದೇ ಆಗಿದ್ದ ಡೊಳ್ಳನ್ನು ಶಿವಮೊಗ್ಗ ಜಿಲ್ಲೆಯ ಮಹಿಳಾ ತಂಡಗಳು ಹೆಗಲಿಗೇರಿಸಿವೆ. ಆ ತೂಕ ಹೊತ್ತು ಕುಣಿಯಲು ಉಸಿರು ಬೇಕು, ಕಾಲಿನ ಬಲ ಬೇಕು, ಪಕ್ಕದವಳ ಹೆಜ್ಜೆಗೆ ಹೆಜ್ಜೆ ಹೊಂದಿಸುವ ಗಮನ ಬೇಕು. ಕಬಡ್ಡಿ, ಕೊಕ್ಕೊ ಮೈದಾನಗಳಲ್ಲಿ ಬಿದ್ದು ಎದ್ದ ಹುಡುಗಿಯರಿಗೆ ಬೀಳುವುದೆಂದರೆ ಲೋಕ ಮುಳುಗಿದಂತಲ್ಲ ಎಂದು ಬೇರೆ ಹೇಳಿಕೊಡಬೇಕಿಲ್ಲ. ಹೆಣ್ಣುಮಕ್ಕಳ ಮನಸ್ಸಿನ ಆರೋಗ್ಯದ ಬಗ್ಗೆ ನಿಜವಾದ ಕಾಳಜಿಯಿದ್ದರೆ ಪಂಚಾಯ್ತಿ ಮೊದಲು ಮಾಡಬೇಕಾದ್ದು ಅವರಿಗೆ ಆಡುವ ಮೈದಾನ, ಮನೆ ಸೇರಲು ಕೊನೆಯ ಬಸ್ಸು, ದಾರಿಯಲ್ಲೊಂದು ಬೀದಿದೀಪ.

ಕೈಯಳತೆಯಲ್ಲಿರುವ ದಾರಿಗಳು

ಹೊಸ ಯೋಜನೆಗೆ ಕಾಯದೆ ಮಾಡಬಹುದಾದದ್ದು ಬಹಳಷ್ಟಿದೆ. ರಾಷ್ಟ್ರೀಯ ಸೇವಾ ಯೋಜನೆ 1969ರಿಂದ ನಡೆಯುತ್ತಿದೆ. ಸ್ವಯಂಸೇವಕರು ವರ್ಷಕ್ಕೆ 120 ಗಂಟೆ ಸೇವೆ ಮಾಡಬೇಕು, ಏಳು ದಿನದ ವಿಶೇಷ ಶಿಬಿರದಲ್ಲಿ ಹಳ್ಳಿಯಲ್ಲಿ ಉಳಿಯಬೇಕು. ಆ ಏಳು ದಿನ ಫೋಟೊ ತೆಗೆಸಿಕೊಳ್ಳುವ ಶ್ರಮದಾನವಾಗಿ ಮುಗಿಯದೆ, ಕೆರೆಯ ಕಾಲುವೆ ಬಿಡಿಸಿ ನೀರು ಹರಿದದ್ದನ್ನು ಮಕ್ಕಳೇ ಕಣ್ಣಾರೆ ನೋಡುವಂಥ ಕೆಲಸವಾದರೆ ಅದರ ಫಲ ಬೇರೆಯೇ. ಮಕ್ಕಳ ಗ್ರಾಮಸಭೆಯಲ್ಲಿ ಭಾಷಣ ಓದಿಸುವ ಬದಲು ತಮ್ಮೂರ ಕುಡಿಯುವ ನೀರಿನ, ಶೌಚಾಲಯದ, ಬಸ್ಸಿನ ಸ್ಥಿತಿಯನ್ನು ಅವರೇ ತಿಂಗಳ ಮುಂಚೆ ಸಮೀಕ್ಷೆ ಮಾಡಿ ಮಂಡಿಸುವಂತಾಗಲಿ. ಪಂಚಾಯ್ತಿ ಅವರಿಗೆ ಬರಹದಲ್ಲಿ ಉತ್ತರ ಕೊಡಲಿ. ಮಂಗನ ಕಾಯಿಲೆಯ ಕಾಲದಲ್ಲಿ ಮನೆಮನೆಗೆ ಎಚ್ಚರಿಕೆ ಮುಟ್ಟಿಸುವ ಕೆಲಸದಲ್ಲಿ ಆಶಾ ಕಾರ್ಯಕರ್ತೆಯರ ಜೊತೆ ಕಾಲೇಜಿನ ಮಕ್ಕಳೂ ಸೇರಲಿ. ತಮ್ಮ ಮಾತಿನಿಂದ ಒಂದು ಜೀವ ಉಳಿಯಬಹುದೆಂಬುದು ಚಿಕ್ಕ ಜವಾಬ್ದಾರಿಯಲ್ಲ.

ಪಕ್ಕದ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ, ಹಳ್ಳಿಯೊಂದು ತನ್ನ ಎಳೆಯರಿಗೆ ಎಂಥ ಕೆಲಸ ಕೊಡಬಲ್ಲದು ಎಂಬುದಕ್ಕೆ ನಮ್ಮ ಕಣ್ಣೆದುರಿನ ಸಾಕ್ಷಿ. ಕೆ.ವಿ. ಸುಬ್ಬಣ್ಣ 1980ರಲ್ಲಿ ಅಲ್ಲಿ ರಂಗಶಿಕ್ಷಣ ಕೇಂದ್ರ ಆರಂಭಿಸಿದರು. 1985ರಲ್ಲಿ ಊರೂರಿಗೆ ನಾಟಕ ಒಯ್ಯುವ ‘ತಿರುಗಾಟ’ ಹೊರಟಿತು. ನೀನಾಸಂ ಮನೋಚಿಕಿತ್ಸೆಗೆಂದು ಕಟ್ಟಿದ ಸಂಸ್ಥೆಯಲ್ಲ. ಆದರೂ ಊರೂರು ಅಲೆದು, ರಂಗಸಜ್ಜಿಕೆ ಕಟ್ಟಿ, ಬಿಚ್ಚಿ, ನಾಳೆ ಇನ್ನೊಂದು ಊರಿನ ಅಪರಿಚಿತ ಪ್ರೇಕ್ಷಕರೆದುರು ನಿಲ್ಲುವ ಆ ಬದುಕು ತರುಣರಿಂದ ಕೇಳುವುದನ್ನು ಪ್ರತಿ ಪ್ರೌಢಶಾಲೆಯೂ ವರ್ಷಕ್ಕೊಂದು ನಾಟಕದ ಮೂಲಕ ಕೇಳಬಹುದು.

ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಿಮ್ಹಾನ್ಸ್ ಜೊತೆ ಸೇರಿ ನಡೆಸುವ ‘ಯುವ ಸ್ಪಂದನ’ ಕಾರ್ಯಕ್ರಮದಲ್ಲಿ ತರಬೇತಿ ಪಡೆದ ಯುವ ಪರಿವರ್ತಕರು, ಯುವ ಸಮಾಲೋಚಕರು ಇದ್ದಾರೆ. ಓದು, ಉದ್ಯೋಗ, ಸಂಬಂಧಗಳ ಗೊಂದಲದಲ್ಲಿರುವ ತರುಣರ ಮಾತು ಕೇಳುವುದು ಅವರ ಕೆಲಸ. ತನ್ನ ವಾರಗೆಯವರು ಕೇಳಿಸಿಕೊಳ್ಳುತ್ತಾರೆಂದರೆ ಬಾಯಿ ಬೇಗ ಬಿಚ್ಚುತ್ತದೆ. ಪ್ರತಿ ಪಿಯು ಕಾಲೇಜೂ ಅವರನ್ನು ವರ್ಷಕ್ಕೊಮ್ಮೆಯಾದರೂ ಕರೆಸಲಿ.

ಮನೆಯಲ್ಲಿ ಮಾಡಬೇಕಾದ್ದು ಇನ್ನೂ ಸುಲಭ. ಹತ್ತನೇ ತರಗತಿಯ ಮಗನಿಗೆ, ಮಗಳಿಗೆ ಪೂರ್ತಿ ಅವರದೇ ಆದ ಒಂದು ಕೆಲಸ ಕೊಡಿ. ಹಿತ್ತಲಿನ ಅರ್ಧ ಗುಂಟೆಯಿರಲಿ, ವಾರದ ಸಂತೆಯ ಲೆಕ್ಕವಿರಲಿ, ಅಜ್ಜಿಯ ಔಷಧಿಯಿರಲಿ. ನಡುವೆ ಬಾಯಿ ಹಾಕಬೇಡಿ. ತಪ್ಪಿದರೆ ‘ನಿನ್ನ ಹಣೆಬರಹವೇ ಇಷ್ಟು’ ಎನ್ನಬೇಡಿ, ‘ಮುಂದಿನ ಸಲ ಹೇಗೆ ಮಾಡ್ತೀಯ?’ ಎಂದು ಕೇಳಿ. ರಾತ್ರಿ ಊಟಕ್ಕೆ ಕೂತಾಗ ಅಂಕದ ವಿಚಾರ ಬಿಟ್ಟು, ‘ಇವತ್ತು ಏನು ಕಷ್ಟ ಅನ್ನಿಸ್ತು?’ ಎಂಬ ಪ್ರಶ್ನೆ ಬರಲಿ. ಮರಳಿ ಬಂದವರ ಮೈಮೇಲೆ ಏನು ಕೂತಿದೆಯೆಂದು ನೋಡುವುದು ಹೀಗೆ.

ಹೊರೆ ಇಳಿಸಬೇಕಾದಾಗ

ಕೆಲವರಿಗೆ ಸವಾಲು ಕೊಡುವ ಹೊತ್ತು ಇನ್ನೂ ಬಂದಿರುವುದಿಲ್ಲ. ಎರಡು ವಾರಕ್ಕೂ ಮೀರಿ ಮಂಕು ಹಿಡಿದವನಿಗೆ, ನಿದ್ದೆ–ಊಟ ಬಿಟ್ಟವಳಿಗೆ, ಇಷ್ಟದ ಆಟವೂ ಬೇಡವಾದವನಿಗೆ, ಯಾರಿಗೂ ಕೇಳದ ದನಿ ಕೇಳುತ್ತಿದೆ ಎನ್ನುವವಳಿಗೆ, ‘ನಾನು ಇರಬಾರದಿತ್ತು’ ಎಂದು ಬಾಯಿಬಿಟ್ಟವನಿಗೆ ‘ಗಟ್ಟಿಯಾಗು’ ಎಂಬ ಮಾತು ಹೊಡೆತವಾಗುತ್ತದೆ. ಅವರಿಗೆ ಮೊದಲು ಬೇಕಾದ್ದು ವೈದ್ಯರು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ, ಮೆಲ್ಲಗೆ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುತ್ತದೆಂಬ ಹೆದರಿಕೆಗೆ ಆಧಾರವಿಲ್ಲ. ಅವರನ್ನು ಒಂಟಿಯಾಗಿ ಬಿಡಬೇಡಿ. ಗದ್ದೆ–ತೋಟದ ಮನೆಗಳಲ್ಲಿ ಕೀಟನಾಶಕ, ಕಳೆನಾಶಕಗಳು ಬೀಗದೊಳಗಿರಲಿ. ಬೀಗದ ಕೈ ಹಿರಿಯರ ಬಳಿ ಇರಲಿ.

ಮನೋರೋಗವನ್ನು ಮುಚ್ಚಿಡಬೇಕಿಲ್ಲ ಎಂದು ಈ ಜಿಲ್ಲೆಗೆ ಹೇಳಿಕೊಟ್ಟವರಿದ್ದಾರೆ. ಶಿವಮೊಗ್ಗದ ಮನೋವೈದ್ಯ ಡಾ. ಅಶೋಕ ಪೈ ಚಿಕಿತ್ಸೆ ಕೊಟ್ಟದ್ದಷ್ಟೇ ಅಲ್ಲದೆ ಬರವಣಿಗೆಯಿಂದ, 1988ರ ‘ಕಾಡಿನ ಬೆಂಕಿ’ಯಂಥ ಸಿನಿಮಾಗಳಿಂದ ಮನಸ್ಸಿನ ಕಾಯಿಲೆಯ ಮಾತನ್ನು ಕನ್ನಡದ ಮನೆಮನೆಗೆ ತಂದರು. ತೀರ್ಥಹಳ್ಳಿ ತಾಲ್ಲೂಕಿನಲ್ಲಿ 2005ರಲ್ಲಿ ನಿಮ್ಹಾನ್ಸ್ ಆರಂಭಿಸಿದ ಕಾರ್ಯಕ್ರಮ, ಸ್ಕಿಜೊಫ್ರೀನಿಯಾದಂಥ ತೀವ್ರ ಕಾಯಿಲೆಗೂ ರೋಗಿಯ ಊರ ಹತ್ತಿರವೇ ಚಿಕಿತ್ಸೆ ಕೊಟ್ಟು ವರ್ಷಗಟ್ಟಲೆ ಜೊತೆಗಿರಬಹುದೆಂದು ತೋರಿಸಿತು. ಚಿಕಿತ್ಸೆಯಿಂದ ಮನಸ್ಸು ತಿಳಿಯಾದ ಮೇಲೆ ಸಣ್ಣ ಕೆಲಸ, ಸಣ್ಣ ಜವಾಬ್ದಾರಿ ಮತ್ತೆ ಬರಲಿ. ಗುಣಮುಖನಾದವನನ್ನು ಮೂಲೆಯಲ್ಲಿ ಕೂರಿಸಿ ಉಪಚರಿಸುತ್ತಲೇ ಇದ್ದರೆ ಅವನು ಅರ್ಧದಾರಿಯಲ್ಲೇ ನಿಂತುಬಿಡುತ್ತಾನೆ.

ಎಳೆಯರ ಬದುಕಿನಿಂದ ಕಷ್ಟವನ್ನು ಅಳಿಸುವ ಶಕ್ತಿ ಯಾವ ತಂದೆ–ತಾಯಿಗೂ ಇಲ್ಲ. ನಾಳೆ ಮಳೆ ತಪ್ಪುತ್ತದೆ, ದರ ಬೀಳುತ್ತದೆ, ಕೆಲಸ ಹೋಗುತ್ತದೆ, ಪ್ರೀತಿಸಿದವರು ದೂರವಾಗುತ್ತಾರೆ. ಆ ದಿನ ಬರುವ ಮುಂಚೆ, ನಾವು ಜೊತೆಗಿರುವಾಗಲೇ, ಅವರ ಹೆಗಲಿಗೆ ತಕ್ಕ ಹೊರೆಯನ್ನು ಕೊಟ್ಟು ನಡೆಯಲು ಬಿಡುವುದು ನಮ್ಮಿಂದ ಆಗುವ ಕೆಲಸ. ಈ ವರ್ಷ ಪ್ರತಿ ಶಾಲೆ, ಪ್ರತಿ ಪಂಚಾಯ್ತಿ, ಪ್ರತಿ ಮನೆ ಒಂದೊಂದು ನಿಜವಾದ ಜವಾಬ್ದಾರಿಯನ್ನು ಎಳೆಯರ ಕೈಗೆ ಒಪ್ಪಿಸಲಿ, ಅದರ ಜೊತೆಗೇ ಅವರ ಮಾತು ಕೇಳಲು ಒಬ್ಬ ಹಿರಿಯರನ್ನೂ ಗೊತ್ತುಮಾಡಲಿ.

ನೆರವು ಬೇಕೆ?
ಟೆಲಿ ಮಾನಸ್ ಸಹಾಯವಾಣಿ: 14416. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಉಚಿತ ಸೇವೆ ದಿನದ 24 ಗಂಟೆಯೂ ಲಭ್ಯ. ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗದಲ್ಲೂ ಚಿಕಿತ್ಸೆ ಸಿಗುತ್ತದೆ.